ಗೇಟಿನಲ್ಲಿ ಹೆಸರಿಲ್ಲದ ನಲವತ್ತೊಂದು ಮಂದಿ

ನವೆಂಬರ್ 18, 2025, ಮಂಗಳವಾರ. ಬೆಳಿಗ್ಗೆ 10 ಗಂಟೆ 25 ನಿಮಿಷಕ್ಕೆ ವಾಘಜಾಯಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಪೊಲೀಸ್ ಠಾಣೆಯ ಅಂಗಳಕ್ಕೆ ಮೂರು ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಚಾಕಣದ ರಸ್ತೆಯಲ್ಲಿ ಕಾರುಗಳಿಗೇನೂ ಬರವಿಲ್ಲ. ಆದರೆ ಈ ಠಾಣೆಯ ಮೆಟ್ಟಿಲು ಹತ್ತುವವರು ಸಾಮಾನ್ಯವಾಗಿ ಆರು ಸೀಟಿನ ರಿಕ್ಷಾದಲ್ಲಿ ಹನ್ನೊಂದು ಜನ ಕೂತು ಬರುವವರು. ಹವಾಲ್ದಾರ್ ಶ್ಯಾಮ ಗಾಯಕವಾಡ ಅರ್ಧ ಕುಡಿದ ಚಹಾ ಬದಿಗಿಟ್ಟು ಎದ್ದು ನಿಂತ. ದೊಡ್ಡವರ ದೂರು ಬಂದಾಗ ಚಹಾ ಆರುತ್ತದೆ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ.

ಬಂದವರು ತಗಡು ಒತ್ತಿ ಬಿಡಿಭಾಗ ಮಾಡುವ ಕೃಷ್ಣಕಾಠ ಪ್ರೆಸ್ ಪಾರ್ಟ್ಸ್ ಕಾರ್ಖಾನೆಯ ಮುಖ್ಯಸ್ಥ ಪೃಥ್ವಿರಾಜ್ ಜಗದಾಳೆ ಮತ್ತು ಅವರ ಹಿಂದೆ ಆರು ಮಂದಿ ಅಧಿಕಾರಿಗಳು. ಇನ್ಸ್‌ಪೆಕ್ಟರ್ ವಿಕ್ರಮ ಹೊಸಮನಿ ಅವರನ್ನು ಒಳಗೆ ಕೂರಿಸಿದ. ವಿಕ್ರಮನದು ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ನಿಗಡಿಯಲ್ಲಿ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಪೃಥ್ವಿರಾಜರೊಂದಿಗಿನ ಮಾತುಕತೆಯೆಲ್ಲ ಮರಾಠಿಯಲ್ಲೇ ನಡೆಯಿತು.

"ನಮ್ಮ ಗೇಟಿನ ಯಂತ್ರದಿಂದ ನಲವತ್ತೊಂದು ಹೆಸರು ಅಳಿಸಿದ್ದಾರೆ," ಎಂದರು ಪೃಥ್ವಿರಾಜ್. "ಎಂಡಿ ಸಾಹೇಬರಿಂದ ಹಿಡಿದು ಶಿಫ್ಟ್ ಮ್ಯಾನೇಜರ್ ತನಕ. ಒಬ್ಬ ಅಧಿಕಾರಿಯೂ ಉಳಿದಿಲ್ಲ."

"ಅಳಿಸಿದರೆ ಏನಾಗುತ್ತದೆ?"

"ಕಾರ್ಡು ಇಟ್ಟರೆ ಗೇಟು ತೆರೆಯುವುದಿಲ್ಲ. ಎಂಡಿ ಸಾಹೇಬರು ಐವತ್ತು ನಿಮಿಷ ಹೊರಗೆ ನಿಂತಿದ್ದರು, ಬಿಸಿಲಿನಲ್ಲಿ."

"ಗೇಟಿನ ಕಾವಲುಗಾರ ನಿಮ್ಮನ್ನೆಲ್ಲ ಗುರುತಿಸಲಿಲ್ಲವೇ?"

"ಗುರುತಿಸಿದ."

"ಮತ್ತೆ?"

ಪೃಥ್ವಿರಾಜ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಅದು ಬೇರೆ ವಿಷಯ. ಇವತ್ತೇ ಎಫ್‌ಐಆರ್ ಆಗಬೇಕು. ಕಂಪ್ಯೂಟರ್ ಬೇಕಾದರೆ ಎತ್ತಿಕೊಂಡು ಹೋಗಿ, ಯಾರು ಬೇಡ ಅನ್ನುತ್ತಾರೆ? ಕಳ್ಳ ಸಿಗಬೇಕು. ಸುಹಾಸ ಪಾಟೀಲ ಅಂತ ನಮ್ಮ ಕಂಪ್ಯೂಟರ್ ವಿಭಾಗದವನು, ಹೋದ ವಾರ ಜಗಳ ಮಾಡಿ ರಾಜೀನಾಮೆ ಕೊಟ್ಟಿದ್ದಾನೆ, ತಿಂಗಳ ಕೊನೆಯ ತನಕ ಕೆಲಸಕ್ಕೆ ಬರುತ್ತಾನೆ. ಬೇರೆ ಯಾರನ್ನೂ ಹುಡುಕುವ ಅಗತ್ಯ ಇಲ್ಲ."

ದೂರು ಕೊಡುವವರೇ ಆರೋಪಿಯನ್ನೂ ಕೈಯಲ್ಲಿ ಹಿಡಿದು ತಂದರೆ ವಿಕ್ರಮನಿಗೆ ಯಾವತ್ತೂ ಸಂಶಯ. ಆದರೂ ಬರೆದುಕೊಂಡ. ಗುನ್ನೆ ನಂಬರ್ 412, ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66. ಇಂಥ ಗುನ್ನೆಯ ತನಿಖೆ ಇನ್ಸ್‌ಪೆಕ್ಟರ್ ದರ್ಜೆಯವನೇ ಮಾಡಬೇಕೆಂದು ಕಾನೂನು, ಹಾಗಾಗಿ ಯಾರ ತಲೆಗೂ ದಾಟಿಸುವಂತಿರಲಿಲ್ಲ. 11 ಗಂಟೆ 20ಕ್ಕೆ ಎಫ್‌ಐಆರ್ ದಾಖಲಾಯಿತು, 12 ಗಂಟೆಗೆ ಜೀಪು ಕಾರ್ಖಾನೆಯ ಮುಂದಿತ್ತು.

ಗೇಟಿನಲ್ಲಿ ಅವಧೂತ ಎಂಬ ನಿವೃತ್ತ ಸಿಪಾಯಿ ಕಾವಲಿದ್ದ. ಶ್ಯಾಮ ಕೇಳಿದ್ದಕ್ಕೆ ಅವನು ಮಾತಾಡದೆ ಗೋಡೆಗೆ ಅಂಟಿಸಿದ ಹಾಳೆಯ ಕಡೆ ಬೆರಳು ಮಾಡಿದ. ಸೆಪ್ಟೆಂಬರ್ ಒಂದರ ಆದೇಶ: ಯಂತ್ರದಲ್ಲಿ ಹೆಸರಿಲ್ಲದವರನ್ನು, ಅವರು ಯಾರೇ ಆಗಿರಲಿ, ಎಷ್ಟೇ ಪರಿಚಿತರಾಗಿರಲಿ, ಒಳಗೆ ಬಿಡಕೂಡದು, ಬಿಟ್ಟರೆ ಕಾವಲುಗಾರನ ಕೆಲಸ ಹೋಗುತ್ತದೆ. ಕೆಳಗೆ ಪೃಥ್ವಿರಾಜ್ ಜಗದಾಳೆಯವರ ಸಹಿ.

"ಎಂಡಿ ಸಾಹೇಬರಿಗೂ ಇದನ್ನೇ ಓದಿ ಹೇಳಿದೆಯಾ?" ಶ್ಯಾಮ ಕೇಳಿದ.

"ಎರಡು ಸಲ," ಅಂದ ಅವಧೂತ.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದನ್ನು ಗಾದೆಯಲ್ಲಿ ಕೇಳಿರುತ್ತೇವೆ, ಕಣ್ಣಾರೆ ನೋಡಲು ಪುಣ್ಯ ಬೇಕು. ವಿಕ್ರಮ ನಗು ನುಂಗಿ ಒಳಗೆ ನಡೆದ. ಆದರೆ ಇಂಥದೊಂದು ಆದೇಶ ಯಾರನ್ನು ಹೊರಗಿಡಲು ಹೊರಡಿಸಿದ್ದು ಎಂಬ ಪ್ರಶ್ನೆಯನ್ನು ಆ ಹೊತ್ತಿಗೆ ಅವನು ಕೇಳಲಿಲ್ಲ. ಆಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಂಡ.

ಸರ್ವರ್ ಕೋಣೆಯ ಪಂಚನಾಮೆ 12.40ಕ್ಕೆ ಶುರುವಾಯಿತು. ಸಾಕ್ಷಿಗೆ ಪಕ್ಕದ ಕಾರ್ಖಾನೆಯ ಇಬ್ಬರು ಪಂಚರು. ಕಮಿಷನರೇಟಿನ ಸೈಬರ್ ವಿಭಾಗಕ್ಕೆ ಕರಾರಿನ ಮೇಲೆ ಕೆಲಸ ಮಾಡುವ ತಜ್ಞೆ ಪ್ರಣೀತಾ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಬೆಂಗಳೂರಿನವಳು, ವಿಕ್ರಮ ಕನ್ನಡದವನೆಂದು ತಿಳಿದ ದಿನದಿಂದ ಅವನ ಮುಂದೆ ಮರಾಠಿ ಕಲಿಯುವ ಪ್ರಯತ್ನ ಬಿಟ್ಟಿದ್ದಳು.

"ಸರ್, ತುಂಬಾ ಹಳೇ ಸಿಸ್ಟಮ್ ಇದು. ಮೌಸ್ ಇಲ್ಲ, ಬಟನ್ ಇಲ್ಲ. ಕಪ್ಪು ಸ್ಕ್ರೀನ್ ಮೇಲೆ ಟೈಪ್ ಮಾಡ್ಬೇಕು ಅಷ್ಟೆ. ಡಿಸೆಂಬರ್ ಒಂದಕ್ಕೆ ಹೊಸದು ಬರುತ್ತಂತೆ, ಇದು ಮೂವತ್ತನೇ ತಾರೀಕು ಸ್ಕ್ರ್ಯಾಪ್‌ಗೆ ಹೋಗುತ್ತಂತೆ. ಆದ್ರೆ ಒಂದು ಒಳ್ಳೇ ಗುಣ ಇದೆ. ಯಾವ ಕಮಾಂಡ್ ಎಷ್ಟು ಗಂಟೆಗೆ ನಡೀತು ಅಂತ ಪ್ರತಿಯೊಂದನ್ನೂ ಬರ್ದಿಟ್ಟಿದೆ."

"ಹೆಂಗ ಅಳಿಸ್ಯಾರ?"

"ಒಂದು ಫೈಲ್‌ನಲ್ಲಿ ಹೆಸರುಗಳ ಪಟ್ಟಿ, ಸಾಲಿಗೊಂದು. ಒಂದು ಕಮಾಂಡ್ ಅದನ್ನ ಓದಿ ಮುಂದಕ್ಕೆ ಕಳ್ಸುತ್ತೆ. ಎಕ್ಸ್‌ಆರ್ಗ್ಸ್ ಅಂತ ಇನ್ನೊಂದು, ಬಂದ ಒಂದೊಂದು ಹೆಸರಿಗೂ 'ಇದನ್ನ ತೆಗಿ' ಅಂತ ಹೊಸ ಕಮಾಂಡ್ ಕಟ್ಟಿ ತಾನೇ ರನ್ ಮಾಡ್ಸುತ್ತೆ. ನಲವತ್ತೊಂದು ಸಾಲು, ನಲವತ್ತೊಂದು ಕಮಾಂಡ್. ಎರಡು ಸೆಕೆಂಡ್ ಕೆಲಸ. ಹೆಸರಿನ ಜೊತೆ ಅವರ ಹಾಜರಿನೂ ಹೋಗುತ್ತೆ."

ವಿಕ್ರಮನಿಗೆ ನಿಗಡಿಯ ಉಡುಪಿ ಹೋಟೆಲಿನ ಅಡುಗೆಮನೆಯ ಕಿಟಕಿ ಕಣ್ಣ ಮುಂದೆ ಬಂತು. ಚೀಟಿಯಲ್ಲಿ ಏನಿದೆಯೋ ಅದು ಒಲೆ ಮೇಲೇರುತ್ತದೆ. ಯಾರು ತಿನ್ನುತ್ತಾರೆ, ಯಾಕೆ ತಿನ್ನುತ್ತಾರೆ ಎಂದು ಭಟ್ಟರು ಕೇಳುವುದಿಲ್ಲ.

"ಯಾವಾಗ?"

"ನಿನ್ನೆ ಸೋಮವಾರ, ಮಧ್ಯಾಹ್ನ 2.47. ಹಾಜರಿ ನೋಡೋ ಟೈಮ್ ಆಫೀಸ್ ಕಂಪ್ಯೂಟರ್‌ನಿಂದ. ಆದ್ರೆ ಸರ್, ಇಲ್ಲೊಂದು ವಿಚಿತ್ರ ಇದೆ." ಪ್ರಣೀತಾ ಪರದೆ ತಿರುಗಿಸಿದಳು. "ಅದಕ್ಕೂ ಮೊದಲು 2.11ಕ್ಕೆ ಇದೇ ಕಮಾಂಡ್ ಒಂದು ಸಲ ಕೊಟ್ಟಿದಾರೆ, ಮುಂದೆ ಎಕೊ ಅಂತ ಸೇರಿಸಿ. ಹಾಗೆ ಸೇರಿಸಿದ್ರೆ ಕಟ್ಟಿದ ಕಮಾಂಡ್ ನಡೆಯಲ್ಲ, ಏನು ನಡೀಬೋದು ಅಂತ ಬರೀ ಬರೆದು ತೋರ್ಸುತ್ತೆ. ಅದನ್ನ ಪ್ರಿಂಟ್ ಬೇರೆ ತಗೊಂಡಿದಾರೆ. ಆಮೇಲೆ ಮೂವತ್ತಾರು ನಿಮಿಷ ಏನೂ ಇಲ್ಲ. ಆಮೇಲೆ ನಿಜವಾದ್ದು."

"ಕಳವು ಮಾಡಾವ ಮೂವತ್ತಾರು ನಿಮಿಷ ಕುಂತು ಏನು ಮಾಡ್ತಾನ?"

"ಅದೇ ನಂಗೂ ಗೊತ್ತಾಗ್ತಿಲ್ಲ ಸರ್."

ಯಂತ್ರದ ಡಿಸ್ಕಿನ ನಕಲು ತೆಗೆದು, ಮೂಲಕ್ಕೆ ಅರಗಿನ ಮುದ್ರೆ ಹಾಕಿ, ಪಂಚರ ಸಹಿಯೊಂದಿಗೆ ಜಪ್ತಿ ಮಾಲು ಇಡುವ ಠಾಣೆಯ ಮುದ್ದೇಮಾಲು ಕೋಣೆಗೆ ಸಾಗಿಸುವ ಹೊತ್ತಿಗೆ ನಾಲ್ಕು ಗಂಟೆ. ಪೃಥ್ವಿರಾಜ್ ತಾವೇ ನಿಂತು ಆಳುಗಳಿಂದ ಜೀಪಿಗೆ ಹೊರಿಸಿದರು. ಅಳಿಸಿದ್ದು ಅಳಿಸಿಯೇ ಹೋಗಿರುತ್ತದೆ ಎಂದು ನಂಬಿದ ಮನುಷ್ಯ.

ಅದೇ ದಿನ ಸಂಜೆ 5.30ಕ್ಕೆ ಸುಹಾಸ ಪಾಟೀಲನ ವಿಚಾರಣೆ. ಮೂವತ್ತೊಂದು ವರ್ಷ, ಕಣ್ಣಲ್ಲಿ ಹೆದರಿಕೆ.

"ಊರು?"

"ಧಾರವಾಡ ಸರ್."

ವಿಕ್ರಮ ಭಾಷೆ ಬದಲಿಸಿದ. "ಸೋಮವಾರ ಮಧ್ಯಾಹ್ನ ಎಲ್ಲಿದ್ದಿ?"

"ಟೈಮ್ ಆಫೀಸಿನಾಗ ಸರ್. ಪ್ರಿಂಟರ್ ಕೆಟ್ಟಿತ್ತು. ಒಂದೂವರೆಗೆ ಹೋಗಿ ಎರಡಕ್ಕ ಬಂದೆ."

"ನೋಡಿದವರು?"

"ವಸಂತಿ ಮೇಡಮ್ ಇದ್ರು. ಟೈಮ್ ಆಫೀಸಿನವ್ರು."

"ಜಗಳ ಯಾಕ ಆತು?"

"ರಜಾ ಕೊಡಲಿಲ್ಲ ಸರ್. ಅಷ್ಟ. ನಾ ಅಳಿಸಿಲ್ರಿ. ಅಳಿಸಬೇಕಂದ್ರ ನನ್ನ ಹೆಸರು ಆ ನಲವತ್ತೊಂದರಾಗ ಯಾಕ ಇರ್ತಿತ್ತು?"

ಅವನ ಹೆಸರು ನಿಜವಾಗಿಯೂ ಪಟ್ಟಿಯಲ್ಲಿತ್ತು, ಮೂವತ್ತೆಂಟನೆಯದು. ಆದರೆ ಚಾಲಾಕಿ ಕಳ್ಳ ತನ್ನ ಮನೆಯ ಬೀಗವನ್ನೂ ಒಡೆಯುತ್ತಾನೆ. ಊರು ಬಿಡಬಾರದೆಂದು ನೋಟಿಸು ಕೊಟ್ಟು ಕಳಿಸಿದರು.

ನವೆಂಬರ್ 19, ಬುಧವಾರ. ಬೆಳಿಗ್ಗೆ 11 ಗಂಟೆಗೆ ಪ್ರಣೀತಾ ಠಾಣೆಗೆ ಬಂದಳು. ಯಾವಾಗಲೂ ಹರಟುವ ಹುಡುಗಿ ಅವತ್ತು ಮೊದಲು ಬಾಗಿಲು ಮುಚ್ಚಿದಳು.

"ಸರ್, ಸುಹಾಸ ಅಲ್ಲ. ಇದೇ ಕಮಾಂಡ್ ಹಿಂದೇನೂ ಒಂಬತ್ತು ಸಲ ಓಡಿದೆ. ಮೊದಲನೇದು ಹೋದ ವರ್ಷ ಸೆಪ್ಟೆಂಬರ್‌ನಲ್ಲಿ. ಸುಹಾಸ ಸೇರಿದ್ದೇ ಈ ಮಾರ್ಚ್‌ನಲ್ಲಿ. ಮತ್ತೆ ಒಂಬತ್ತೂ ಸಲ ಮೊದಲು ಎಕೊ, ಪ್ರಿಂಟು, ಹತ್ತು ಹದಿನೈದು ನಿಮಿಷ ಗ್ಯಾಪ್, ಆಮೇಲೆ ನಿಜವಾದ್ದು. ಒಂದೇ ಕೈ ಸರ್ ಇದು."

"ಒಂಬತ್ತು ಸಲ ಯಾರ ಹೆಸರು ತಗದಾರ?"

"ಒಟ್ಟು ಹದಿನೇಳು. ಎಲ್ಲಾ ಕಾಂಟ್ರ್ಯಾಕ್ಟ್ ಕೆಲಸದವರು. ಪ್ರೆಸ್ ಶಾಪ್." ಅವಳು ಹಾಳೆ ಮುಂದಿಟ್ಟಳು.

ವಿಕ್ರಮ ಮೇಲಿನಿಂದ ಓದುತ್ತ ಬಂದ. ಮುನಿಯಮ್ಮ. ಸಾತ್ವಿಕ. ರಂಗೂಬಾಯಿ. ಹನ್ನೊಂದನೆಯ ಸಾಲಿನಲ್ಲಿ ಕಣ್ಣು ನಿಂತಿತು: ಕಲ್ಲವ್ವ ಮಾದರ, ಅಳಿಸಿದ್ದು ಆಗಸ್ಟ್ 29, ಗೇಟಿನ ಆದೇಶಕ್ಕೆ ಮೂರೇ ದಿನ ಮೊದಲು. ಆ ಹೆಸರು ಅವನಿಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಲು ಒಂದು ಕ್ಷಣ ಮನಸ್ಸು ಹವಣಿಸಿತು, ಆದರೆ ಕೈ ಆಗಲೇ ಗಂಟೆ ಒತ್ತಿತ್ತು.

"ಶ್ಯಾಮ, ಸೆಪ್ಟೆಂಬರಿನ ಅರ್ಜಿಗಳ ಫೈಲು ತಾ."

ಸೆಪ್ಟೆಂಬರ್ 9ರ ಅರ್ಜಿ. ಕೃಷ್ಣಕಾಠ ಪ್ರೆಸ್ ಪಾರ್ಟ್ಸಿನಲ್ಲಿ ಆಗಸ್ಟ್ 27ರಂದು ಬೆಳಗಿನ ಪಾಳಿಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳು ಹೋಗಿವೆ, ಕಂಪನಿಯವರು ನೀನು ಇಲ್ಲಿ ಕೆಲಸಕ್ಕೇ ಇರಲಿಲ್ಲ ಎನ್ನುತ್ತಾರೆ. ಕೆಳಗೆ ಎಡಗೈ ಹೆಬ್ಬೆಟ್ಟು. ಅದರ ಕೆಳಗೆ ಇನ್ಸ್‌ಪೆಕ್ಟರರ ಷರಾ: ಸಂಸ್ಥೆಯ ಗೇಟ್ ಯಂತ್ರದ ದಾಖಲೆ ಪರಿಶೀಲಿಸಲಾಗಿದೆ. ಅರ್ಜಿದಾರಳ ಹೆಸರಿಲ್ಲ. ಮುಕ್ತಾಯ. ಸಹಿ, ವಿಕ್ರಮ ಹೊಸಮನಿ.

ಪರಿಶೀಲಿಸಲಾಗಿದೆ ಎಂಬುದೂ ಪೂರ್ತಿ ನಿಜವಲ್ಲ. ಪೃಥ್ವಿರಾಜ್ ಕಳಿಸಿದ ಒಂದು ಹಾಳೆಯನ್ನು ನೋಡಿದ್ದ, ಅಷ್ಟೇ. ಅವನಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಮತ್ತು ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಹುಡುಕಿದರೆ ಹತ್ತಿರದಲ್ಲಿ ಸಿಕ್ಕವನು ತಾನೇ.

ಮಧ್ಯಾಹ್ನ 1.15ಕ್ಕೆ ಅವನೂ ಶ್ಯಾಮನೂ ದೇಹೂ ರೋಡಿನ ಬಾಡಿಗೆ ಖೋಲಿಯ ಮುಂದೆ ನಿಂತಿದ್ದರು. ಕಲ್ಲವ್ವನಿಗೆ ಮೂವತ್ತೆಂಟು ವರ್ಷ, ಅಥಣಿ ಕಡೆಯವಳು. ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

"ಕಲ್ಲವ್ವಾರ, ಸ್ವಲ್ಪ ಕೇಳೂದಿತ್ರಿ."

"ಕೇಳ್ರಿ."

"ಆಗಸ್ಟ್ ಇಪ್ಪತ್ತೇಳಕ್ಕ ಎಷ್ಟು ಗಂಟೆಗೆ ಒಳಗ ಹೋಗಿದ್ರಿ?"

"ಅವತ್ತೂ ಹೇಳೇನಿ. ಬೆಳಿಗ್ಗೆ ಆರಕ್ಕ. ಹತ್ತೂವರಿಗೆ ಕೈ ಹೋತು. ಪ್ರೆಸ್ಸಿಗೆ ಅಡ್ಡ ಇರೂ ಜಾಳಗಿ ತಗದಿದ್ರು, ಮಾಲು ಲಗು ಬರಲಿ ಅಂತ."

"ನಾ ಅವತ್ತ ಸರಿಯಾಗಿ..."

"ಅವತ್ತ ನಾ ಕೈ ತೋರಿಸಿದ್ದೆ, ಸಾಹೇಬ್ರ. ನೀವು ಕಂಪ್ಯೂಟರಿನ ಹಾಳಿ ನೋಡಿದ್ರಿ."

ಶ್ಯಾಮನಿಗೆ ಕನ್ನಡ ಅಷ್ಟಾಗಿ ಬಾರದು, ಆದರೆ ಅವನೂ ತಲೆ ತಗ್ಗಿಸಿದ.

"ಕಾರ್ಖಾನಿಯವರು ಯಾರರ ಇಲ್ಲಿಗೆ ಬಂದಿದ್ರೇನು?" ವಿಕ್ರಮ ಕೇಳಿದ.

"ಒಬ್ಬಾಕಿ ಬಂದಿದ್ಲು. ಅತ್ತು ಹೋದ್ಲು. ಹೆಸರು ಹೇಳೂದಿಲ್ಲ. ನನ್ನ ಪಾಲಿಗೆ ಬಂದ ಒಬ್ಬಾಕೀನ ನಿಮಗ ಕೊಟ್ಟು ಕುಂದರ್ಲೇನು?"

"ಹೇಳಬ್ಯಾಡ್ರಿ. ನಾಳೆ ಮುಂಜಾನೆ ಹತ್ತಕ್ಕ ಠಾಣೆಗೆ ಬರ್ರಿ. ಮೊದಲಿಂದ ಬರಕೋತೀನಿ."

"ಹೋದ ಸಲಾನೂ ಬರಕೊಂಡಿದ್ರಿ."

"ಈ ಸಲ ಎಫ್‌ಐಆರ್ ಮಾಡ್ತೀನಿ. ನಂಬರ್ ಹಾಕಿ ನಕಲು ನಿಮ್ಮ ಕೈಯಾಗ ಕೊಡ್ತೀನಿ."

ಅವಳು ಅವನ ಮುಖ ನೋಡಿದಳು. ನಂಬಿದಳೋ ಇಲ್ಲವೋ, ಹಿಟ್ಟಿನ ಪರಾತ ಪಕ್ಕಕ್ಕೆ ಸರಿಸಿ ಬರುತ್ತೇನೆಂದಳು.

ಹಿಂದಿರುಗುವಾಗ ಜೀಪಿನಿಂದಲೇ ವಿಕ್ರಮ ಸುಹಾಸನಿಗೆ ಫೋನ್ ಮಾಡಿದ.

"ಪಾಟೀಲ, ಅಳಿಸೂ ಕಮಾಂಡ್ ಕೊಡೂಕಿಂತ ಮೊದಲ ಎಕೊ ಹಾಕಿ ಪ್ರಿಂಟ್ ತಗದು ಓದ್ತಿಯೇನು ನೀ?"

"ಯಾರು ಓದ್ತಾರ್ರಿ ಸರ್ ಈಗಿನ ಕಾಲದಾಗ? ನಾ ನೇರ ಎಂಟರ್ ಹೊಡೀತೀನಿ. ಅದಕ್ಕ ಎರಡು ಸಲ ಬೈಸಿಕೊಂಡೀನಿ."

"ಯಾರ ಕಡೆ?"

ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ಹೊಳೆದಂತಿತ್ತು.

"ವಸಂತಿ ಮೇಡಮ್ ಕಡೆ ಸರ್. ಆದರ ಅವರು ಭಾಳ ಒಳ್ಳೇವರು ಸರ್. ಅವರಲ್ಲ."

ನವೆಂಬರ್ 20, ಗುರುವಾರ. ಕಲ್ಲವ್ವ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದಳು. ಗುನ್ನೆ ನಂಬರ್ 415: ಅಪಾಯಕರ ಯಂತ್ರದ ಬಳಿ ನಿರ್ಲಕ್ಷ್ಯ, ಸಾಕ್ಷ್ಯ ನಾಶ. ಆರೋಪಿ, ಪೃಥ್ವಿರಾಜ್ ಜಗದಾಳೆ ಮತ್ತು ಇತರರು. ನಕಲನ್ನು ನಾಲ್ಕು ಮಡಿಕೆ ಮಾಡಿ ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋದ ಅರ್ಧ ತಾಸಿಗೆ ಪೃಥ್ವಿರಾಜ್ ಬಂದರು. ಈ ಸಲ ಒಂದೇ ಕಾರು.

"ನಮ್ಮಲ್ಲಿ ಬ್ಯಾಕಪ್ ಇತ್ತು. ಬೇರೆ ಕಂಪ್ಯೂಟರಿಗೆ ಹಾಕಿದೆವು, ನಲವತ್ತೊಂದು ಹೆಸರೂ ವಾಪಸು ಬಂದವು," ಎಂದರು ನಗುತ್ತ. "ಎಂಡಿ ಸಾಹೇಬರು ದೊಡ್ಡ ಮನಸ್ಸಿನವರು, ಕೇಸು ಬೇಡ ಅಂದಿದ್ದಾರೆ. ದೂರು ಹಿಂದಕ್ಕೆ ತಗೊಳ್ಳುತ್ತೇವೆ. ಯಂತ್ರ ಕೊಟ್ಟುಬಿಡಿ, ಮೂವತ್ತಕ್ಕೆ ಸ್ಕ್ರ್ಯಾಪಿನವನಿಗೆ ಮಾತು ಕೊಟ್ಟಾಗಿದೆ."

"ಎಫ್‌ಐಆರ್ ಠಾಣೆಯಲ್ಲಿ ಹಿಂದಕ್ಕೆ ಹೋಗುವುದಿಲ್ಲ, ಸಾಹೇಬರೇ. ಯಂತ್ರ ಕೋರ್ಟಿನದಾಯಿತು."

"ಮೇಲಿನವರ ಹತ್ತಿರ ಮಾತಾಡಬೇಕಾಗುತ್ತದೆ."

"ಮಾತಾಡಿ. ಬ್ಯಾಕಪ್ ಇದೆ ಅಂದಿರಲ್ಲ, ಅದನ್ನೂ ಜಪ್ತಿ ಮಾಡಬೇಕು. ಅದರಲ್ಲಿ ಆಗಸ್ಟಿನದೂ ಇರುತ್ತದೆ ಅಲ್ಲವೇ?"

ಪೃಥ್ವಿರಾಜರ ಮುಖ ಇಂಗು ತಿಂದ ಮಂಗನಂತಾಯಿತು. ಕೂತ ಕುರ್ಚಿಯಿಂದ ಏಳಲು ಹೊರಟವರಿಗೆ ಶ್ಯಾಮ 415ರ ನೋಟಿಸು ಕೊಟ್ಟು ಸಹಿ ಮಾಡಿಸಿಕೊಂಡ. ಆ ದಿನ ಶ್ಯಾಮನ ಚಹಾ ಆರಲಿಲ್ಲ.

ಮಧ್ಯಾಹ್ನ 3.15ಕ್ಕೆ ವಿಕ್ರಮ ಕಾರ್ಖಾನೆಯ ಟೈಮ್ ಆಫೀಸಿಗೆ ಬಂದ. ಜೊತೆಗೆ ಶ್ಯಾಮ, ಮಹಿಳಾ ಕಾನ್‌ಸ್ಟೇಬಲ್ ಹರ್ಷದಾ, ಇಬ್ಬರು ಪಂಚರು. ಕೋಣೆಯಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬಳು, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಾಜರಿ ಹಾಳೆ ಓದುತ್ತಿದ್ದಳು. ವಸಂತಿ ಭಂಡಾರಿ. ಅಪ್ಪ ಕುಂದಾಪುರದಿಂದ ಬಂದು ನಿಗಡಿಯಲ್ಲಿ ಹೋಟೆಲಿಟ್ಟವರು; ಮಗಳು ತೊಂಬತ್ತಾರರಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿ ಕಪ್ಪು ಪರದೆಯ ಮೇಲೆ ಕಲಿತದ್ದನ್ನು ಇವತ್ತಿಗೂ ಬಿಟ್ಟಿರಲಿಲ್ಲ. ಆ ಹೆಂಗಸಿಗೆ ಟೈಪು ಬಿಟ್ಟು ಬೇರೇನು ಬರುತ್ತದೆ ಎಂದು ಪೃಥ್ವಿರಾಜ್ ಮಂಗಳವಾರ ಹೇಳಿದ್ದರು.

ಆಕೆ ಅವನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದಳು. "ಹೊಸಮನಿ. ಹಾಗಾದರೆ ಕನ್ನಡದಲ್ಲೇ ಮಾತಾಡಬಹುದಲ್ಲ. ಕೂತುಕೊಳ್ಳಿ ಸಾಹೇಬ್ರೇ."

"ವಸಂತಿಯವ್ರ, ಸೋಮವಾರ ಮಧ್ಯಾಹ್ನ ಎಲ್ಲಿದ್ರಿ?"

"ಇದೇ ಕುರ್ಚಿಯಲ್ಲಿ."

"2 ಗಂಟೆ 11 ನಿಮಿಷಕ್ಕ?"

"ಪ್ರಿಂಟ್ ತೆಗೆದೆ."

"2.47ಕ್ಕ?"

"ಎಂಟರ್ ಒತ್ತಿದೆ."

ವಿಕ್ರಮ ಹನ್ನೆರಡು ಪ್ರಶ್ನೆ ಸಿದ್ಧ ಮಾಡಿಕೊಂಡು ಬಂದಿದ್ದ. ಮೂರಕ್ಕೇ ಕೆಲಸ ಮುಗಿಯಿತು.

"ನಡುವ ಮೂವತ್ತಾರು ನಿಮಿಷ ಏನು ಮಾಡಿದ್ರಿ?"

"ನಲವತ್ತೊಂದು ಹೆಸರು ಓದಿದೆ. ಅದರಲ್ಲಿ ಒಬ್ಬನೇ ಒಬ್ಬ ಕೂಲಿಯವನು ಸೇರಿಕೊಂಡಿದ್ದರೆ ಅವನ ಆ ದಿನದ ಅನ್ನ ಹೋಗ್ತಿತ್ತು ಅಲ್ವಾ? ಯಂತ್ರಕ್ಕೆ ಎಂತ ಗೊತ್ತು, ಪಟ್ಟಿಯಲ್ಲಿ ಇದ್ದವರನ್ನೆಲ್ಲ ತೆಗೀತದೆ. ಓದುವುದು ನಮ್ಮ ಕೆಲಸ."

"ಆ ಹದಿನೇಳು ಹೆಸರೂ ಓದಿದ್ರಿ?"

ಆಕೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಹಾಜರಿ ಹಾಳೆಯ ಮೇಲಿಟ್ಟಳು.

"ಓದಿದೆ. ಓದಿಯೇ ಒತ್ತಿದೆ." ಆಕೆಯೇ ಮುಂದುವರಿಸಿದಳು. "ಮೊದಲನೇ ಚೀಟಿ ಬಂದಾಗ ಕೆಲಸ ಬಿಟ್ಟು ಹೋದವರು ಅಂತ ನಂಬಿದೆ. ನಾಲ್ಕೈದು ಚೀಟಿ ಹಾಗೆಯೇ ನಂಬಿದೆ. ಕಲ್ಲವ್ವನ ಚೀಟಿ ಬಂದಾಗ ನಂಬುವ ಹಾಗೆಯೇ ಇರಲಿಲ್ಲ, ಅವಳನ್ನು ಆಸ್ಪತ್ರೆಗೆ ಸಾಗಿಸಿದ ಗಾಡಿಗೆ ಗೇಟ್ ಪಾಸ್ ಬರೆದದ್ದೇ ನಾನು. ಆದರೂ ಒತ್ತಿದೆ. ನೌಕರಿ. ಆಮೇಲೆ ಆ ಹದಿನೇಳು ಜನರ ಮನೆಗೂ ಹೋಗಿ ಬಂದೆ. ಕೆಳಗಿನ ಡ್ರಾವರ್ ನೋಡಿ, ಬೀಗ ಹಾಕಲಿಲ್ಲ."

ಡ್ರಾವರಿನಲ್ಲಿ ಹತ್ತು ಕಟ್ಟು ಹಾಳೆ. ಪ್ರತಿ ಹೆಸರಿನ ಮುಂದೆಯೂ ಪೆನ್ಸಿಲಿನ ಗುರುತು. ಒಂಬತ್ತು ಕಟ್ಟಿಗೆ ಒಂದೊಂದು ಕೈಬರಹದ ಚೀಟಿ ಪಿನ್ನು ಮಾಡಿತ್ತು, ಎಲ್ಲವೂ ಒಂದೇ ಕೈ. ಗೇಟಿನ ಗೋಡೆಯ ಮೇಲೆ ನೋಡಿದ್ದ ಸಹಿಯನ್ನು ವಿಕ್ರಮ ಆ ಚೀಟಿಗಳ ಮೂಲೆಯಲ್ಲೂ ಕಂಡ. ಪಂಚರ ಮುಂದೆ ಎಣಿಸಿ, ಒಂದೊಂದಾಗಿ ಲಕೋಟೆಗೆ ಹಾಕಿ, 4.05ಕ್ಕೆ ಜಪ್ತಿ ಪಂಚನಾಮೆ ಮುಗಿಸಿದರು.

"ಇವನ್ನೆಲ್ಲಾ ಇಟ್ಟುಕೊಂಡು ಯಾಕ ಸುಮ್ಮನ ಕುಂತ್ರಿ? ಕಾರ್ಮಿಕ ಇಲಾಖೆ ಆಫೀಸಿಗೆ ಕೊಡಬಹುದಿತ್ತಲ್ಲ?"

"ಕೊಟ್ಟೆ. ಅಕ್ಟೋಬರ್ ಆರಕ್ಕೆ ನಕಲು ತೆಗೆದುಕೊಂಡು ಹೋಗಿದ್ದೆ. ಕಾಗದ ಯಾರು ಬೇಕಾದರೂ ಬರೀಬಹುದು, ಯಂತ್ರದ ದಾಖಲೆ ತನ್ನಿ ಅಂದರು. ಕಂಪನಿಯವರು ಅಂಥದ್ದು ಇಲ್ಲವೇ ಇಲ್ಲ ಅಂತ ಉತ್ತರ ಬರೆದರು. ಯಂತ್ರ ಇರುವುದು ಬೀಗದ ಕೋಣೆಯಲ್ಲಿ, ಬೀಗದ ಕೈ ಅವರ ಹತ್ತಿರ. ಮೂವತ್ತಕ್ಕೆ ಅದು ಗುಜರಿಗೆ ಹೋದರೆ ಹದಿನೇಳು ಜನ ಹುಟ್ಟಲೇ ಇಲ್ಲ ಅಂತ ಲೆಕ್ಕ. ಯಂತ್ರವನ್ನು ಪಂಚನಾಮೆ ಮಾಡಿ ಹೊರಗೆ ತರುವವರು ಪೊಲೀಸರು ಮಾತ್ರ. ನೀವು ಬರಬೇಕಾದರೆ ಯಾರು ಕರೀಬೇಕು ಅಂತ ಯೋಚಿಸಿದೆ."

ವಿಕ್ರಮ ಬರೆಯುವುದು ನಿಲ್ಲಿಸಿದ. ಮೂರು ದಿನದಿಂದ ತಾನು ಒಂದು ಕಳ್ಳತನದ ಹಿಂದೆ ಓಡುತ್ತಿದ್ದೇನೆ ಎಂದುಕೊಂಡಿದ್ದ. ಈ ಹೆಂಗಸು ಕಾರ್ಖಾನೆಯ ದೊರೆಗಳ ಕೈಯಿಂದಲೇ ದೂರು ಬರೆಸಿ, ಅವರ ಆಳುಗಳ ಹೆಗಲ ಮೇಲೆಯೇ ಯಂತ್ರ ಹೊರಿಸಿ, ಠಾಣೆಯ ಮುದ್ದೇಮಾಲಿಗೆ ತಲುಪಿಸಿದ್ದಳು. ಪೋಸ್ಟಿನವನ ಕೆಲಸ ಮಾಡಿದ್ದು ಅವನು.

"ನೋಡ್ರಿ ವಸಂತಿಯವ್ರ," ಅಂದ ಕೊನೆಗೆ. "ಈ ಕಲಮಿಗೆ ಬಂಧನ ಬೇಕೇಬೇಕಂತಿಲ್ಲ. ನೋಟಿಸ್ ಕೊಡ್ತೀನಿ, ಸಹಿ ಮಾಡ್ರಿ, ಕರದಾಗ ಬರ್ರಿ. ಮನಿಗೆ ಹೋಗಬಹುದು."

"ಮಾಡುವುದಿಲ್ಲ."

"ಏನು?"

"ಸಹಿ. ನೋಟಿಸು ಕೊಟ್ಟು ಬಿಟ್ಟರೆ ಕಡತ ನಿಮ್ಮ ಕಪಾಟಿನಲ್ಲಿ ಕೂರ್ತದೆ. ಬಂಧನ ಮಾಡಿದರೆ ಯಾಕೆ ಅಂತ ಬರೆದು ನಾಳೆಯೇ ಕೋರ್ಟಿನ ಮುಂದೆ ಇಡಬೇಕು. ಕಾನೂನು ಹಾಗೆ ಉಂಟಲ್ಲ?"

"ಠಾಣೆಯಾಗ ಜಾಮೀನು ಸಿಗ್ತದ."

"ಜಾಮೀನುದಾರರನ್ನು ಕೋರ್ಟಿಗೇ ಕರೆಸ್ತೇನೆ. ಇಲ್ಲಿ ಬೇಡ."

"ನೌಕರಿ ಹೋಗ್ತದ. ಮೂರು ವರ್ಷದ ತನಕ ಶಿಕ್ಷಾ ಆಗಬಹುದು. ವಿಚಾರ ಮಾಡೀರೇನು?"

"ಮೂವತ್ತಾರು ನಿಮಿಷ ಅದನ್ನೂ ಮಾಡಿದೆ." ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಾನು ತಪ್ಪು ಮಾಡಲಿಲ್ಲ ಅಂತ ಹೇಳ್ತಾ ಇಲ್ಲ ಸಾಹೇಬ್ರೇ. ಎರಡು ತಪ್ಪು ಮಾಡಿದ್ದೇನೆ. ನೀವು ಬಂದದ್ದು ಸಣ್ಣದಕ್ಕೆ. ಒಂದು ವರ್ಷದಲ್ಲಿ ಹದಿನೇಳು ಜನರನ್ನು ಇದೇ ಬೆರಳಿನಿಂದ ಅಳಿಸಿದೆ, ಯಾರೂ ಬರಲಿಲ್ಲ. ದೊಡ್ಡವರನ್ನು ಐವತ್ತು ನಿಮಿಷ ಹೊರಗೆ ನಿಲ್ಲಿಸಿದೆ, ಮಧ್ಯಾಹ್ನದ ಊಟದ ಹೊತ್ತಿಗೆ ಜೀಪು ಬಂತು."

ಹರ್ಷದಾಳಿಗೆ ಕನ್ನಡ ತಿಳಿಯದು. ಏನಂದರು ಎಂದು ಮೆಲ್ಲಗೆ ಕೇಳಿದಳು. ವಿಕ್ರಮ ಅದನ್ನು ಮರಾಠಿಯಲ್ಲಿ ಹೇಳಿದ, ಒಂದು ಮಾತನ್ನೂ ಬಿಡದೆ, ಪಂಚರಿಗೂ ಕೇಳುವಂತೆ.

4 ಗಂಟೆ 40 ನಿಮಿಷಕ್ಕೆ ವಸಂತಿ ಭಂಡಾರಿಯನ್ನು ಬಂಧಿಸಲಾಯಿತು. ಕಾನೂನಿನಂತೆ ಬಂಧನದ ಕಾರಣ ಬರೆದು ಆಕೆಗೆ ಓದಿ ಹೇಳಬೇಕಿತ್ತು. ವಿಕ್ರಮ ಬರೆದ: ಆರೋಪಿಯು ಸಂಸ್ಥೆಯ ನಲವತ್ತೊಂದು ಮಂದಿ ಅಧಿಕಾರಿಗಳ ದಾಖಲೆ ಅಳಿಸಿರುವುದನ್ನು ಒಪ್ಪಿಕೊಂಡಿದ್ದು, ನೋಟಿಸು ಸ್ವೀಕರಿಸಲು ನಿರಾಕರಿಸಿದ್ದಾಳೆ. ಉದ್ದೇಶ ಎಂಬ ಕಡೆ, ಹದಿನೇಳು ಕಾರ್ಮಿಕರ ಹೆಸರನ್ನು ಹಿಂದೆ ಅಳಿಸಿದ್ದು ಬೆಳಕಿಗೆ ಬರಲೆಂದು ಈ ಕೃತ್ಯ ಎಸಗಿದ್ದಾಗಿ ಹೇಳುತ್ತಾಳೆ. ಓದಿ ಮುಗಿಸಿ ಪೆನ್ನು ಮುಂದೆ ಚಾಚಿದ.

ಆಕೆ ಪೆನ್ನು ಮುಟ್ಟಲಿಲ್ಲ. "ಹದಿನೇಳು ಕಾರ್ಮಿಕರು ಅಂದರೆ ಯಾರು?"

"ನಂಬರ್ ಬರದೀನಲ್ರಿ."

"ಹೆಸರು ಬರೀರಿ."

"ಈ ಕಾಲಂನಾಗ ಅಷ್ಟು ಜಾಗ ಇಲ್ರಿ ವಸಂತಿಯವ್ರ."

"ಹಾಗಾದರೆ ಇನ್ನೊಂದು ಹಾಳೆ ತಗೊಳ್ಳಿ."

ಶ್ಯಾಮ ಏನೂ ಕೇಳದೆ ಚೀಲದಿಂದ ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟ. ವಸಂತಿ ಯಾವ ಕಾಗದವನ್ನೂ ನೋಡದೆ ಹೇಳತೊಡಗಿದಳು. ಮುನಿಯಮ್ಮ, ಎಡಗೈ, ಎರಡು ಬೆರಳು. ಸಾತ್ವಿಕ, ಬಲಗೈ, ಹೆಬ್ಬೆರಳು. ರಂಗೂಬಾಯಿ, ಬಲಗೈ, ಮಣಿಕಟ್ಟಿನ ತನಕ. ವಿಕ್ರಮ ಸಾಲಿಗೊಂದರಂತೆ ಬರೆದ. ಪ್ರತಿ ಹೆಸರಾದ ಮೇಲೂ ಆಕೆ ತುಸು ತಡೆದಳು, ಅವನು ಬರೆದದ್ದನ್ನು ತಲೆ ಬಗ್ಗಿಸಿ ನೋಡಿದಳು, ಆಮೇಲೆಯೇ ಮುಂದಿನದನ್ನು ಹೇಳಿದಳು. ಹೊರಗೆ ಹಗಲು ಪಾಳಿ ಮುಗಿಯುವ ಸೈರನ್ ಕೂಗಿತು. ಕೆಲಸ ಮುಗಿಸಿದ ಹೆಂಗಸರು ಕಿಟಕಿಯ ಆಚೆ ನಿಂತು ನೋಡುತ್ತಿದ್ದರು, ಯಾರೂ ಅವರನ್ನು ಚದುರಿಸಲಿಲ್ಲ.

ಹದಿನೇಳನೆಯ ಹೆಸರು ಮರೆಮ್ಮ, ಎಡಗೈ, ನಾಲ್ಕು ಬೆರಳು. ಅದನ್ನು ಬರೆದಾದ ಮೇಲೆ ವಸಂತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನ ತನಕ ಮತ್ತೊಮ್ಮೆ ಓದಿ, ಸಹಿ ಮಾಡಿದಳು.